ಕಿಕ್ಕೇರಿಯ ಬಮ್ಮವ್ವೆ, ಗೋವಿಂದನಹಳ್ಳಿಯ ಮಲ್ಲಿತಮ್ಮ, ಹೊಸಹೊಳಲಿನ ಯಾರೋ...

ಹೊಯ್ಸಳರ ಗುಡಿ ಅಂದ ಕೂಡಲೇ ನಮ್ಮ ಬಾಯಿಗೆ ಬರೋದು ಬೇಲೂರು, ಹಳೇಬೀಡು, ಸೋಮನಾಥಪುರ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದೂ ಈ ಮೂರೇ. ಸಂತೋಷವೇ! ಆದರೆ ಇಷ್ಟನ್ನೇ ನೋಡಿ ಬಂದರೆ ಆ ಕಲೆ ರಾಜರಿಗೂ ದಂಡನಾಯಕರಿಗೂ ಮಾತ್ರ ಸೇರಿದ್ದು ಅನ್ನಿಸಿಬಿಡುತ್ತೆ. ಅದು ಹಳ್ಳಿಹಳ್ಳಿಗೂ ಇಳಿದಿತ್ತು ಅಂತ ತಿಳಿಯಬೇಕಾದರೆ ನಮ್ಮ ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ ತಾಲೂಕಿಗೆ ಬನ್ನಿ. ಮೂರು ಊರು, ಮೂರು ಗುಡಿ. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ನೋಡಬಹುದು.

ಮೊದಲು ಕಿಕ್ಕೇರಿ. ಕವಿ ಕೆ.ಎಸ್.ನರಸಿಂಹಸ್ವಾಮಿಯವರು ಹುಟ್ಟಿದ ಊರು ಅಂತ ನಮಗೆಲ್ಲ ಗೊತ್ತು. ಅಲ್ಲಿನ ಬ್ರಹ್ಮೇಶ್ವರ ದೇವಾಲಯ 1171ರದು, ಒಂದನೇ ನರಸಿಂಹನ ಕಾಲದ್ದು. ಒಂದೇ ಗರ್ಭಗುಡಿ, ಅಂದರೆ ಏಕಕೂಟ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ. ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು. ಎಂಟೂವರೆ ಶತಮಾನ ಕಳೆದ ಮೇಲೂ ಅವಳ ಹೆಸರು ನಮಗೆ ಗೊತ್ತಿದೆಯಲ್ಲ, ಅದು ದೊಡ್ಡ ಮಾತು.

ಅಲ್ಲೇ ಹತ್ತಿರದಲ್ಲಿ ಗೋವಿಂದನಹಳ್ಳಿ. ಇಲ್ಲಿನ ಪಂಚಲಿಂಗೇಶ್ವರ ದೇವಾಲಯ ಕಂಡರೆ ಯಾರಾದರೂ ಒಂದು ಗಳಿಗೆ ನಿಲ್ಲಲೇಬೇಕು. ಪೂರ್ವಕ್ಕೆ ಮುಖ ಮಾಡಿದ ಐದು ಗರ್ಭಗುಡಿಗಳು ಉತ್ತರ ದಕ್ಷಿಣವಾಗಿ ಒಂದೇ ಸಾಲಿನಲ್ಲಿ ನಿಂತಿವೆ. ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ... ಶಿವನ ಐದು ಮುಖಗಳ ಹೆಸರಿನ ಐದು ಲಿಂಗಗಳು. ಹೊಯ್ಸಳರಲ್ಲಿ ತ್ರಿಕೂಟ ಬೇಕಾದಷ್ಟಿವೆ, ನಾಲ್ಕು ಕೂಟಕ್ಕೆ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ ಇದೆ. ಐದು ಕೂಟ ಬಹಳ ಅಪರೂಪ. ಕಾಲ ಸುಮಾರು 1238, ವೀರ ಸೋಮೇಶ್ವರನ ಆಳ್ವಿಕೆ.

ಇಲ್ಲಿ ಉಳಿದಿರುವುದು ಕೆತ್ತಿದವನ ಹೆಸರು: ರೂವಾರಿ ಮಲ್ಲಿತಮ್ಮ. ಇವತ್ತು ನಾವು ಯಾವುದೋ ಯೋಜನೆಯ ರೂವಾರಿ ಅಂತ ಬರೀತೀವಲ್ಲ, ಆ ಪದಕ್ಕೆ ಆಗ ಶಿಲ್ಪಿ ಅಂತಲೇ ಅರ್ಥ. 1196ರ ಅಮೃತಾಪುರದ ಗುಡಿಯಲ್ಲಿ ಕಾಣುವ ಈ ಹೆಸರು 1258ರ ಸೋಮನಾಥಪುರದಲ್ಲಿ ಮೂರ್ತಿ ಮೂರ್ತಿಯ ಕೆಳಗೆ ಸಿಗುತ್ತೆ. ನಾವು ಕ್ಯೂ ನಿಂತು ನೋಡುವ ಸೋಮನಾಥಪುರಕ್ಕೆ ಎರಡು ದಶಕ ಮೊದಲೇ ಆ ಉಳಿ ಗೋವಿಂದನಹಳ್ಳಿಯಲ್ಲಿ ಓಡಾಡಿತ್ತು!

ಅದೇ ಹದಿಮೂರನೇ ಶತಮಾನದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲೂ ಕಲ್ಲಿನ ಚರ್ಚುಗಳು ಏಳುತ್ತಿದ್ದವು. ಆದರೆ ಅವುಗಳ ಕಲ್ಲುಕುಟಿಗರ ಹೆಸರು ತಿಳಿಯುವುದೇ ಅಪರೂಪ. ನಮ್ಮ ರೂವಾರಿಗಳು ಕೆತ್ತಿದ ವಿಗ್ರಹದ ಬುಡದಲ್ಲೇ ಕನ್ನಡದಲ್ಲಿ ರುಜು ಹಾಕಿದರು.

ಕೊನೆಗೆ ಹೊಸಹೊಳಲು, ಕೆ.ಆರ್.ಪೇಟೆ ಪಟ್ಟಣಕ್ಕೆ ಅಂಟಿಕೊಂಡಂತೆಯೇ ಇರುವ ಊರು. ಲಕ್ಷ್ಮೀನಾರಾಯಣ ದೇವಾಲಯ ತ್ರಿಕೂಟ. ಲಕ್ಷ್ಮೀನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ ಮೂವರಿದ್ದರೂ ಶಿಖರ ಇರುವುದು ನಡುವಿನ ಗುಡಿಗೆ ಮಾತ್ರ. ಜಗತಿಯ ಮೇಲೆ ಪ್ರದಕ್ಷಿಣೆ ಬರುತ್ತಾ ಗೋಡೆಯ ಬುಡ ನೋಡಿ. ಕೆಳಗಿಂದ ಮೇಲಕ್ಕೆ ಆರು ಪಟ್ಟಿಕೆಗಳು: ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಬಳಪದ ಕಲ್ಲು ಉಳಿಗೆ ಮೆತ್ತಗಿರುವುದರಿಂದ ಆನೆಯ ಕೊರಳ ಗಂಟೆಯನ್ನೂ ಬಿಡಿಸಬಹುದಿತ್ತು. ಒಳಗಿನ ನವರಂಗದ ಕಂಬಗಳನ್ನು ಕಡೆಸಲು ಹಿಡಿದು ತಿರುಗಿಸಿದ ಹಾಗೆ ನುಣುಪು.

ಮೂರರಲ್ಲಿ ಅತಿ ಶ್ರೀಮಂತ ಕೆಲಸ ಇದೇ. ಆದರೆ ಕಟ್ಟಿಸಿದವರ ಶಾಸನ ಇಲ್ಲ. ಜಾವಗಲ್ಲು, ನುಗ್ಗೇಹಳ್ಳಿ, ಸೋಮನಾಥಪುರಗಳ ಶೈಲಿಯೊಡನೆ ಹೋಲಿಸಿ ಸುಮಾರು 1250 ಅಂತ ವಿದ್ವಾಂಸರು ಕಾಲ ಹೇಳುತ್ತಾರೆ, ಅಷ್ಟೇ. ಇಷ್ಟು ದೊಡ್ಡ ಕೆಲಸ ಮಾಡಿಸಿದ ಪುಣ್ಯಾತ್ಮರು ನಮ್ಮ ಪಾಲಿಗೆ "ಯಾರೋ" ಆಗಿ ಉಳಿದರು.

ಈ ಮೂರು ಗುಡಿಗಳು ನನಗೆ ಹೇಳುವುದು ಇಷ್ಟು: ಬರೆದಿಟ್ಟ ಒಂದು ಸಾಲು ಇಲ್ಲದಿದ್ದರೆ ಎಂಥ ಗುಡಿಯೂ ಅರ್ಧ ಮೂಕ. ಬಿ.ಎಲ್.ರೈಸ್ ಅವರು ಈ ತಾಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟದಲ್ಲಿ 1898ರಲ್ಲೇ ಅಚ್ಚು ಹಾಕಿಸಿದ್ದು ನಮ್ಮ ಪುಣ್ಯ. ಈಗಲೂ ಜೀರ್ಣೋದ್ಧಾರ ಅಂತ ಹೊರಟವರು ಅಕ್ಷರವಿದ್ದ ಕಲ್ಲನ್ನು ಪಾಯಕ್ಕೆ ಹಾಕುವುದು, ಮೇಲೆ ಎನಾಮಲ್ ಪೇಂಟ್ ಬಳಿಯುವುದು ನಡೆದೇ ಇದೆ. ಬಳಿಯುವವರದು ಭಕ್ತಿಯೇ, ಅನುಮಾನವಿಲ್ಲ. ಆದರೆ ಆ ಪೇಂಟಿನಡಿ ಇನ್ನೊಬ್ಬ ಮಲ್ಲಿತಮ್ಮ ಮುಚ್ಚಿಹೋಗಬಹುದಲ್ಲ?

ಗೆಳೆಯರೇ, ಈ ಸಲ ಊರಿಗೆ ಹೋದಾಗ ನಿಮ್ಮ ಗುಡಿಯ ಕಂಬ, ಪೀಠ, ಬಾಗಿಲುವಾಡದ ಬುಡ ಒಮ್ಮೆ ನೋಡಿ. ಅಕ್ಷರ ಕಂಡರೆ ಒರೆಸಿ ಕೆರೆಯಬೇಡಿ, ಫೋಟೋ ತೆಗೆದು ನಿಮ್ಮ ಬ್ಲಾಗಿಗೆ ಹಾಕಿ, ನನಗೂ ಕೊಂಡಿ ಕಳಿಸಿ. ಓದಬಲ್ಲವರು ನಮ್ಮಲ್ಲಿ ಯಾರಾದರೂ ಇದ್ದೇ ಇರುತ್ತಾರೆ :)