ಯಾರ ದಿನಚರಿ, ಯಾರ ಪಾಠ

ದೊಡ್ಡವರಾದ ಮೇಲೆ ಹೊಸ ದೇಶಕ್ಕೆ ಬಂದು ಇಂಗ್ಲಿಷಿನ ಮೊದಲ ಅಕ್ಷರ ಹಿಡಿಯುವವರಿಗೆ ಏನನ್ನು ಕಲಿಸಬೇಕು? ಅಂಗಡಿಯಲ್ಲಿ ಬೆಲೆ ಕೇಳುವುದು, ನೋವು ಎಲ್ಲಿದೆ ಎಂದು ಡಾಕ್ಟರಿಗೆ ತಿಳಿಸುವುದು, ಬಸ್ಸಿನ ಬೋರ್ಡು ಓದುವುದು, ಅರ್ಜಿ ತುಂಬುವುದು. ಇವತ್ತು ಈ ಕೆಲಸದಲ್ಲಿರುವ ಯಾವ ಮೇಷ್ಟ್ರನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತದೆ. ವ್ಯಾಕರಣ ಆಮೇಲೆ, ಬದುಕು ಮೊದಲು ಎಂಬ ಈ ತಿಳಿವಳಿಕೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರ ದೊಡ್ಡ ಪಾಲು ನಡೆದದ್ದು ಅಮೆರಿಕದ ಗಣಿ ಊರುಗಳಲ್ಲಿ, ಕಾರ್ಖಾನೆಗಳಲ್ಲಿ, ನಿರಾಶ್ರಿತರ ಶಿಬಿರಗಳಲ್ಲಿ. ಆ ಚರಿತ್ರೆಯನ್ನು ಮೊದಲಿಂದ ನೋಡುತ್ತ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬದುಕಿನಿಂದ ಶುರುಮಾಡಬೇಕೆಂಬ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಬದುಕಿನಲ್ಲಿ ಯಾವುದನ್ನು ಪಾಠಕ್ಕೆ ತರಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವರು ಬಹುತೇಕ ಪಾಠಕ್ಕೆ ದುಡ್ಡು ಕೊಟ್ಟವರು. ಕಲಿಯುವವರ ಬಾಯಿಗೆ ಯಾವ ಮಾತು ಬಂತು, ಯಾವುದು ಬರಲೇ ಇಲ್ಲ ಎಂಬುದು ಅಲ್ಲಿಯೇ ನಿರ್ಧಾರವಾಗಿಹೋಯಿತು.

ಬದುಕಿನಿಂದ ಶುರುಮಾಡುವ ಈ ವಿಧಾನದ ಬೇರು ಫ್ರಾನ್ಸಿನಲ್ಲಿದೆ. ಫ್ರಾನ್ಸ್ವಾ ಗುಆ ಎಂಬ ಲ್ಯಾಟಿನ್ ಮೇಷ್ಟ್ರು ಜರ್ಮನ್ ಕಲಿಯಲೆಂದು ಹ್ಯಾಂಬರ್ಗಿಗೆ ಹೋದರು. ವ್ಯಾಕರಣ ಪುಸ್ತಕವನ್ನೂ 248 ಅನಿಯಮಿತ ಕ್ರಿಯಾಪದಗಳನ್ನೂ ಹತ್ತೇ ದಿನದಲ್ಲಿ ಬಾಯಿಪಾಠ ಮಾಡಿ, ಉಪನ್ಯಾಸ ಕೇಳಲು ಹೋಗಿ ಕೂತರೆ ಒಂದು ಮಾತೂ ತಿಳಿಯಲಿಲ್ಲ. ಆಮೇಲೆ ಧಾತುಗಳನ್ನು ಉರುಹೊಡೆದರು, ನಿಘಂಟನ್ನೇ ಕಂಠಪಾಠ ಮಾಡಿದರು. ಆದರೂ ಅಷ್ಟೇ. ಸೋತು ಊರಿಗೆ ಮರಳಿದಾಗ, ಹೊರಡುವಾಗ ಇನ್ನೂ ಮಾತು ಬಾರದಿದ್ದ ಸೋದರಳಿಯ ಪಟಪಟ ಮಾತಾಡುತ್ತಿದ್ದ. ಆ ಹುಡುಗನನ್ನು ಒಂದು ದಿನ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದರು. ಮನೆಗೆ ಬಂದ ಮೇಲೆ ಅವನು ಪುಟ್ಟ ಚೀಲ, ಪುಟ್ಟ ಚಕ್ರ ಇಟ್ಟುಕೊಂಡು, ಕಾಳು ಸುರಿದದ್ದು, ಕಲ್ಲು ತಿರುಗಿದ್ದು, ಹಿಟ್ಟು ಬಿದ್ದದ್ದು ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳುತ್ತ ಆಡತೊಡಗಿದ. ಮನುಷ್ಯ ಭಾಷೆ ಕಲಿಯುವುದು ಒಂದರ ಹಿಂದೊಂದು ನಡೆಯುವ ಕೆಲಸಗಳ ಸರಣಿಯಿಂದ ಎಂದು ಗುಆ ಆಗ ಕಂಡುಕೊಂಡರು. 1880ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಬಾಗಿಲ ಬಳಿಗೆ ನಡೆದು, ಹಿಡಿಯನ್ನು ತಿರುಗಿಸಿ, ಬಾಗಿಲು ತೆರೆಯುವ ಒಂದೇ ಕೆಲಸವನ್ನು ಸಣ್ಣ ಸಣ್ಣ ವಾಕ್ಯಗಳಾಗಿ ಬಿಡಿಸುವ ಅವರ ಪಾಠ ಭಾಷಾ ಬೋಧನೆಯ ಚರಿತ್ರೆಯಲ್ಲಿ ಇಂದಿಗೂ ಹೆಸರಾಗಿ ಉಳಿದಿದೆ.

ಈ ಸರಣಿ ವಿಧಾನವನ್ನು ವಲಸೆ ಕಾರ್ಮಿಕರ ಬಳಿಗೆ ಕೊಂಡೊಯ್ದವರು ಪೀಟರ್ ರಾಬರ್ಟ್ಸ್. ವೇಲ್ಸ್‌ನಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯಲ್ಲಿ ಪಾದ್ರಿಯಾಗಿದ್ದ ಇವರು ಗಣಿ ಕಾರ್ಮಿಕರ ಬದುಕಿನ ಮೇಲೆ ಪುಸ್ತಕಗಳನ್ನೇ ಬರೆದಿದ್ದರು. 1907ರಲ್ಲಿ ವೈಎಂಸಿಎ ಅವರನ್ನು ವಲಸಿಗರ ಕೆಲಸಕ್ಕೆಂದು ನೇಮಿಸಿಕೊಂಡಿತು. ಅದೊಂದೇ ವರ್ಷ ಅಮೆರಿಕಕ್ಕೆ ಬಂದಿಳಿದವರು 12.8 ಲಕ್ಷಕ್ಕೂ ಹೆಚ್ಚು ಮಂದಿ. ಪೋಲೆಂಡ್, ಇಟಲಿ, ಹಂಗೆರಿ, ರಷ್ಯಾದ ಹಳ್ಳಿಗಳಿಂದ ಬಂದವರೇ ಅದರಲ್ಲಿ ಬಹಳ. ಅದರ ಹಿಂದಿನ ವರ್ಷವಷ್ಟೇ ಪೌರತ್ವಕ್ಕೆ ಇಂಗ್ಲಿಷ್ ಮಾತಾಡಲು ಬರಬೇಕೆಂಬ ಕಾನೂನು ಬಂದಿತ್ತು. ರಾಬರ್ಟ್ಸ್ 1909ರಲ್ಲಿ ತಂದ ಪಾಠಮಾಲೆಯಲ್ಲಿ ಮನೆ, ದುಡಿಮೆ, ವ್ಯವಹಾರ ಎಂದು ಮೂರು ಸರಣಿಗಳಿದ್ದವು, ಒಂದೊಂದರಲ್ಲಿ ಹತ್ತು ಹತ್ತು ಪಾಠ. ಮೊದಲ ಪಾಠ ಬೆಳಿಗ್ಗೆ ಏಳುವುದರ ಬಗ್ಗೆ: ಕಣ್ಣು ತೆರೆಯುವುದು, ಗಡಿಯಾರ ನೋಡುವುದು, ಬಟ್ಟೆ ಹಾಕುವುದು, ಮುಖ ತೊಳೆಯುವುದು. ಮೇಷ್ಟ್ರು ಪ್ರತಿ ವಾಕ್ಯವನ್ನೂ ನಟಿಸಿ ತೋರಿಸಬೇಕು, ಕಲಿಯುವವರು ಕೇಳಿ ಹೇಳಬೇಕು. ಓದು ಬರಹ ಆಮೇಲೆ. ದಿನವಿಡೀ ನೆಲದಡಿ ದುಡಿದು ದಣಿದು ಬಂದವರನ್ನು ನಾಮಪದ, ವಿಭಕ್ತಿ ಎಂದು ಗೋಳುಹೊಯ್ದುಕೊಳ್ಳದೆ, ಮೊದಲ ರಾತ್ರಿಯೇ ಬಾಯಿ ತೆರೆಯುವಂತೆ ಮಾಡಿದ ಈ ವಿಧಾನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ವಯಸ್ಕರ ಶಿಕ್ಷಣಕ್ಕೆ ಅದೊಂದು ದೊಡ್ಡ ಬಿಡುಗಡೆಯಾಗಿತ್ತು.

ಆದರೆ ದಿನಚರಿಯನ್ನು ವಾಕ್ಯಗಳಾಗಿ ಬಿಡಿಸುವ ಈ ಚಾತುರ್ಯ ಬಹಳ ಬೇಗ ಕಾರ್ಖಾನೆ ಮಾಲೀಕರ ಕೈಸೇರಿತು. ಕೃಷಿ ಯಂತ್ರಗಳನ್ನು ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1912ರ ಹೊತ್ತಿಗೆ ತನ್ನ ಪೋಲಿಷ್ ಕೆಲಸಗಾರರಿಗೆಂದು ಮಾಡಿಸಿದ ಒಂದು ಪಾಠ ಚರಿತ್ರಕಾರರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಸೀಟಿ ಕೂಗುತ್ತದೆ, ಕೆಲಸಗಾರ ಅವಸರ ಮಾಡುತ್ತಾನೆ. ಗೇಟಿನ ಹಲಗೆಯಿಂದ ತನ್ನ ಬಿಲ್ಲೆ ತೆಗೆದುಕೊಂಡು ತನ್ನ ವಿಭಾಗದ ಹಲಗೆಗೆ ತೂಗುಹಾಕುತ್ತಾನೆ. ಬಟ್ಟೆ ಬದಲಿಸಿ ಕೆಲಸಕ್ಕೆ ಅಣಿಯಾಗುತ್ತಾನೆ. ಬಿಡುವಿನ ಹೊತ್ತಿಗೆ ಮೊದಲು ಊಟ ಮಾಡುವಂತಿಲ್ಲ. ಮುಗಿಯುವ ಸೀಟಿ ಕೂಗುವ ತನಕ ದುಡಿಯುತ್ತಾನೆ, ಜಾಗವನ್ನು ಚೊಕ್ಕಟವಾಗಿ ಬಿಟ್ಟು ಮನೆಗೆ ಹೋಗುತ್ತಾನೆ. ಎಲ್ಲ ವಾಕ್ಯಗಳೂ ನಿಜವೇ, ಎಲ್ಲವೂ ಅವನ ದಿನದಲ್ಲಿ ನಡೆಯುವಂಥವೇ. ಆದರೆ ಆ ದಿನದಲ್ಲಿ ಬಟವಾಡೆ ಇಲ್ಲ. ಮೇಸ್ತ್ರಿಯನ್ನು ಏನನ್ನಾದರೂ ಕೇಳುವ ಒಂದು ಪ್ರಶ್ನೆಯೂ ಇಲ್ಲ.

ಫೋರ್ಡ್ ಕಂಪನಿ ಇದನ್ನು ಇನ್ನೊಂದು ಮಟ್ಟಕ್ಕೆ ಒಯ್ದಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಎಂದು ಸಾರಿದಾಗ ಜಗತ್ತೇ ಬೆರಗಾಯಿತು. ಅದರಲ್ಲಿ ಸುಮಾರು ಅರ್ಧ ಮಾತ್ರ ಕೂಲಿ. ಉಳಿದದ್ದು ಲಾಭದ ಪಾಲು. ಆ ಪಾಲು ಕೈಗೆ ಬರಬೇಕಾದರೆ ಮನೆ ಚೊಕ್ಕಟವಾಗಿರಬೇಕು, ಕುಡಿತ ಇರಬಾರದು, ಉಳಿತಾಯ ಇರಬೇಕು. ಇದನ್ನು ನೋಡಲು ಕಂಪನಿಯ ತನಿಖೆಗಾರರು ಮನೆ ಮನೆಗೆ ಬರುತ್ತಿದ್ದರು. ಅದೇ ತಿಂಗಳು, ತಮ್ಮ ಪಂಚಾಂಗದಂತೆ ಕ್ರಿಸ್ಮಸ್ ಆಚರಿಸಲು ಕೆಲಸಕ್ಕೆ ಬಾರದ ಎಂಟುನೂರಕ್ಕೂ ಹೆಚ್ಚು ಗ್ರೀಕ್ ಮತ್ತು ರಷ್ಯನ್ ಕೆಲಸಗಾರರನ್ನು ಕಂಪನಿ ಮನೆಗೆ ಕಳಿಸಿತು. ಆ ವರ್ಷದಲ್ಲೇ ಶುರುವಾದ ಫೋರ್ಡ್ ಇಂಗ್ಲಿಷ್ ಶಾಲೆಯಲ್ಲಿ ಪಾಠ ರಾಬರ್ಟ್ಸ್ ಪದ್ಧತಿಯಂತೆ. ಕಲಿಸುವವರು ಕಂಪನಿಯ ನೌಕರರೇ, ಸಂಬಳವಿಲ್ಲದೆ. ತಪ್ಪಿಸಿಕೊಂಡವರಿಗೆ ಕೆಲಸ ಹೋಗುವ ಭಯ. ಊಟದ ಮೇಜಿನ ನಡತೆ, ಸ್ನಾನ, ಉಳಿತಾಯ ಎಲ್ಲವೂ ಪಾಠ. ಪದವಿ ಸಮಾರಂಭದಲ್ಲಿ ರಂಗದ ಮೇಲೆ ದೊಡ್ಡ ಕಡಾಯಿ ಇಡುತ್ತಿದ್ದರು. ಕಲಿತವರು ತಂತಮ್ಮ ನಾಡಿನ ಉಡುಪಿನಲ್ಲಿ ಹಡಗಿನಿಂದ ಇಳಿದು ಅದರೊಳಗೆ ಹೋಗುವರು, ಮೇಷ್ಟ್ರುಗಳು ಉದ್ದನೆಯ ಸೌಟು ಹಿಡಿದು ಕದಡುವರು. ಹೊರಗೆ ಬರುವಾಗ ಎಲ್ಲರ ಮೈಮೇಲೆ ಅಮೆರಿಕದ ಸೂಟು, ಕೈಯಲ್ಲಿ ಪುಟ್ಟ ಬಾವುಟ. ಹಬ್ಬಕ್ಕೆ ರಜೆ ಕೇಳುವುದು ಹೇಗೆ ಎಂಬುದಕ್ಕಿಂತ ದೊಡ್ಡ ಜೀವನ ಕೌಶಲ ಆ ಗ್ರೀಕರಿಗೂ ರಷ್ಯನ್ನರಿಗೂ ಬೇರೆ ಯಾವುದಿದ್ದೀತು?

ಇದೆಲ್ಲ ಈ ಕಾಲದ ಕಣ್ಣಿನಿಂದ ಹಳೆಯವರನ್ನು ಹಳಿಯುವ ಮಾತು, ಆ ಕೆಲಸಗಾರರಿಗೆ ಬೇಕಾಗಿದ್ದದ್ದೂ ನೌಕರಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಫೋರ್ಡ್ ಗೇಟಿನ ಮುಂದೆ ಸಾವಿರಾರು ಜನ ಚಳಿಯಲ್ಲಿ ನೆರೆದದ್ದು ಸುಳ್ಳಲ್ಲ. ಅಪಾಯದ ಫಲಕ ಓದಲು ಬಾರದೆ ಯಂತ್ರಕ್ಕೆ ಕೈ ಕೊಟ್ಟವರಿದ್ದರು. ಅದನ್ನು ಓದಲು ಕಲಿಸಿದವರು ಮಾಡಿದ್ದು ಪುಣ್ಯದ ಕೆಲಸ. ಆದರೆ ನೌಕರಿ ಬೇಕೆನ್ನುವವನಿಗೆ ನೌಕರಿಯಲ್ಲಿ ಕೊಡಬೇಕಾದ್ದನ್ನು ಕೊಟ್ಟಿದ್ದಾರೋ ಇಲ್ಲವೋ ಎಂಬುದೂ ಬೇಕು. ಇದಕ್ಕೆ ಅದೇ ಕಾಲದ ಸಾಕ್ಷಿಯಿದೆ. 1912ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಹೆಂಗಸರ ಮತ್ತು ಮಕ್ಕಳ ವಾರದ ದುಡಿಮೆಯನ್ನು 56 ಗಂಟೆಯಿಂದ 54ಕ್ಕೆ ಇಳಿಸಿತು. ಲಾರೆನ್ಸ್ ಪಟ್ಟಣದ ಬಟ್ಟೆ ಗಿರಣಿಗಳು ಅದರೊಂದಿಗೆ ಕೂಲಿಯನ್ನೂ ಇಳಿಸಿದವು. ಬಟವಾಡೆಯ ದಿನ ಲಕೋಟೆ ತೆರೆದು, ದುಡ್ಡು ಕಡಿಮೆ ಇರುವುದನ್ನು ಮೊದಲು ಕಂಡು ಮಗ್ಗ ನಿಲ್ಲಿಸಿದವರು ಪೋಲೆಂಡಿನ ಹೆಂಗಸರು. ಇಪ್ಪತ್ತಕ್ಕೂ ಹೆಚ್ಚು ಜನಾಂಗಗಳ, ಅಷ್ಟೇ ಬಗೆಯ ಭಾಷೆಗಳ ಕೆಲಸಗಾರರು ಹೊರಬಂದರು. ಸಭೆಗಳಲ್ಲಿ ಪ್ರತಿ ಮಾತೂ ಹಲವು ಭಾಷೆಗಳಿಗೆ ತರ್ಜುಮೆಯಾಗುತ್ತಿತ್ತು. ಎರಡು ತಿಂಗಳ ಮುಷ್ಕರದ ನಂತರ ಕೂಲಿ ಏರಿತು. ಲಕೋಟೆಯ ಲೆಕ್ಕ ನೋಡುವುದು, ಕಡಿಮೆಯಾದರೆ ಕೇಳುವುದು ಆ ಹೆಂಗಸರ ದಿನಬಳಕೆಯ ವಿಷಯ ಆಗಲೇ ಆಗಿತ್ತು. ಕಾರ್ಖಾನೆಯ ಪಾಠಕ್ಕೆ ಅದು ಕಾಣಿಸಿರಲಿಲ್ಲ ಅಷ್ಟೆ.

ಮಾಲೀಕರ ಕಾಲ ಮುಗಿದು ಸರ್ಕಾರದ ಕಾಲ ಬಂದಾಗಲಾದರೂ ಇದು ಬದಲಾಯಿತೇ? 1975ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಅಮೆರಿಕದ ವಯಸ್ಕರಲ್ಲಿ ಐವರಲ್ಲಿ ಒಬ್ಬರು ದಿನನಿತ್ಯದ ವ್ಯವಹಾರಗಳಲ್ಲಿ ತಡವರಿಸುತ್ತಾರೆ ಎಂದಿತು. ಅಲ್ಲಿಂದ ಮುಂದೆ ಕೊಳ್ಳುವುದು, ಆರೋಗ್ಯ, ಉದ್ಯೋಗ, ಕಾನೂನು ಎಂದು ಕೌಶಲಗಳ ಪಟ್ಟಿ ಮಾಡಿ ಕಲಿಸುವ ರೂಢಿ ಗಟ್ಟಿಯಾಯಿತು. ಅದೇ ವರ್ಷ ಸೈಗಾನ್ ಬಿದ್ದು, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಜನ ಓಡಿಬಂದರು. 1980ರಿಂದ ಫಿಲಿಪೈನ್ಸಿನ ಬಟಾನ್, ಥಾಯ್ಲೆಂಡಿನ ಫನತ್ ನಿಖೋಮ್, ಇಂಡೋನೇಷ್ಯಾದ ಗಲಾಂಗ್ ಶಿಬಿರಗಳಲ್ಲಿ ಅಮೆರಿಕಕ್ಕೆ ಹೋಗುವ ಮುನ್ನವೇ ಬದುಕಲು ಬೇಕಾದಷ್ಟು ಇಂಗ್ಲಿಷ್ ಕಲಿಸತೊಡಗಿದರು. ಲಕ್ಷಾಂತರ ಜನ ಆ ತರಗತಿಗಳಲ್ಲಿ ಕೂತರು. ಭಾಷಾ ಶಿಕ್ಷಣದ ವಿದ್ವಾಂಸ ಜೇಮ್ಸ್ ಟೊಲೆಫ್ಸನ್ 1989ರ ತಮ್ಮ ಪುಸ್ತಕದಲ್ಲಿ ಈ ಶಿಬಿರಗಳು ನಿರಾಶ್ರಿತರನ್ನು ಅತ್ಯಂತ ಕಡಿಮೆ ಕೂಲಿಯ ಕೆಲಸಗಳಿಗೆಂದೇ ಸಿದ್ಧಪಡಿಸಿದವು ಎಂದು ವಾದಿಸಿದರು. ಅದಕ್ಕೂ ಮೊದಲೇ, 1985ರಲ್ಲಿ, ಎಲ್ಸಾ ಆವರ್‌ಬ್ಯಾಕ್ ಮತ್ತು ಡೆನಿಸ್ ಬರ್ಜೆಸ್ ಇಂಥ ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಓದಿ ತೋರಿಸಿದ್ದರು. ಅನುಮತಿ ಕೇಳುವುದು, ತಿಳಿಯಲಿಲ್ಲ ಇನ್ನೊಮ್ಮೆ ಹೇಳಿ ಎನ್ನುವುದು, ಸರಿಯಾಯಿತೇ ಎಂದು ಒಪ್ಪಿಗೆ ಬೇಡುವುದು ಅವುಗಳಲ್ಲಿ ಧಾರಾಳವಾಗಿದ್ದವು. ದೂರು ಹೇಳುವುದು, ಟೀಕಿಸುವುದು, ಒಪ್ಪುವುದಿಲ್ಲ ಎನ್ನುವುದು, ಬೇಡವೆನ್ನುವುದು ಸಿಗುವುದೇ ಅಪರೂಪ. ಸೀಟಿಯ ಪಾಠ ಕಳೆದು ಎಪ್ಪತ್ತು ವರ್ಷವಾದರೂ ಪ್ರಶ್ನೆಗೆ ಜಾಗ ಸಿಕ್ಕಿರಲಿಲ್ಲ.

ಈ ಕ್ಷೇತ್ರದಲ್ಲಿ ದುಡಿದ ಮೇಷ್ಟ್ರುಗಳು ಇದಕ್ಕೆ ಕೊಡುವ ಉತ್ತರ ಗಟ್ಟಿಯಾದದ್ದು. ಹಕ್ಕು, ಚರ್ಚೆ ಎಲ್ಲ ಸರಿ, ಆದರೆ ನೂರು ಪದವೂ ಬಾರದವರ ಜತೆ ಅದನ್ನು ಮಾಡುವುದು ಹೇಗೆ. ಮೊದಲು ಬಸ್ಸು ಹತ್ತಲಿ, ಔಷಧಿ ಚೀಟಿ ಓದಲಿ ಎನ್ನುತ್ತಾರೆ ಅವರು. ಸಮಯ ಕಡಿಮೆ, ತರಗತಿ ತುಂಬಿರುತ್ತದೆ, ಕಲಿಯುವವರು ಎರಡು ಪಾಳಿಯ ನಡುವೆ ಬಂದವರು. ಇದನ್ನೆಲ್ಲ ಹಗುರವಾಗಿ ತಳ್ಳಿಹಾಕಲಾಗದು. ಆದರೆ ಕಷ್ಟ ಇರುವುದು ಭಾಷೆಯಲ್ಲಲ್ಲ. ತಡವಾದದ್ದಕ್ಕೆ ಕ್ಷಮೆ ಕೇಳುವ ವಾಕ್ಯಕ್ಕೂ ಸಂಬಳ ಕಡಿಮೆ ಬಂದಿದೆ ಎನ್ನುವ ವಾಕ್ಯಕ್ಕೂ ಬೇಕಾದ ಪದಗಳು ಹೆಚ್ಚುಕಡಿಮೆ ಅಷ್ಟೇ, ವ್ಯಾಕರಣವೂ ಅಷ್ಟೇ. ಮನೆಯನ್ನು ಚೊಕ್ಕಟವಾಗಿಡುತ್ತೇನೆ ಎಂದು ಬಾಡಿಗೆಯವನಿಗೆ ಹೇಳಿಕೊಡಬಹುದಾದರೆ ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸಿಕೊಡಿ ಎಂದೂ ಹೇಳಿಕೊಡಬಹುದು. ಬ್ರೆಜಿಲಿನಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಅಕ್ಷರವೇ ಬಾರದ ಕೂಲಿಗಳಿಗೆ ಅವರದೇ ದುಡಿಮೆಯ ಪದಗಳಿಂದ ಓದು ಕಲಿಸಿದ್ದರು. ಅದನ್ನು ನಿನಾ ವಾಲರ್‌ಸ್ಟೈನ್ 1983ರ ಪುಸ್ತಕದಲ್ಲಿ ವಲಸಿಗರ ಇಂಗ್ಲಿಷ್ ತರಗತಿಗೆ ಒಗ್ಗಿಸಿ ತೋರಿಸಿದರು. ನಮ್ಮ ದೇಶದಲ್ಲೂ 1978ರ ಅಕ್ಟೋಬರ್ 2ರಂದು ಶುರುವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಅಕ್ಷರ ಮತ್ತು ಕೌಶಲಗಳ ಜತೆ ಅರಿವನ್ನೂ ತನ್ನ ಮೂರನೆಯ ಅಂಗವೆಂದು ಹೇಳಿಕೊಂಡಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಪಕ್ಕದ ನೆಲ್ಲೂರಿನಲ್ಲಿ ಅಕ್ಷರ ಕಲಿಯುತ್ತಿದ್ದ ಹೆಂಗಸರು ಪಾಠದಲ್ಲಿ ಬಂದ ಸಾರಾಯಿ ಅಂಗಡಿಯ ಕತೆ ಓದಿ, ತಮ್ಮೂರಿನ ಅಂಗಡಿಗಳನ್ನು ಮುಚ್ಚಿಸಲು ಹೊರಟದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಮಾತ್ರ ಅಮೆರಿಕದಲ್ಲೇ ಇದೆ. ದಕ್ಷಿಣ ಕೆರೊಲೈನಾದ ಜಾನ್ಸ್ ದ್ವೀಪದ ಕಪ್ಪು ಜನರ ಮನೆಮಾತು ಗುಲ್ಲಾ. ಆ ರಾಜ್ಯದಲ್ಲಿ ಮತದಾರರಾಗಲು ಸಂವಿಧಾನದ ಭಾಗವನ್ನು ಇಂಗ್ಲಿಷಿನಲ್ಲಿ ಓದಿ ತೋರಿಸಬೇಕಿತ್ತು. 1957ರ ಜನವರಿಯಲ್ಲಿ ಅಲ್ಲಿ ವಯಸ್ಕರಿಗಾಗಿ ರಾತ್ರಿ ಶಾಲೆಯೊಂದು ಶುರುವಾಯಿತು, ಒಂದು ಸಹಕಾರಿ ಅಂಗಡಿಯ ಹಿಂಕೋಣೆಯಲ್ಲಿ. ಬಿಳಿಯರ ಕಣ್ಣಿಗೆ ಬೀಳದಿರಲೆಂದೇ ಮುಂದೆ ಅಂಗಡಿ. ಅದನ್ನು ಕಟ್ಟಿದ ಈಸಾ ಜೆಂಕಿನ್ಸ್ ಮತ್ತು ಸೆಪ್ಟಿಮಾ ಕ್ಲಾರ್ಕ್ ಪಾಠಕ್ಕೆ ಆರಿಸಿದ್ದು ತರಬೇತಾದ ಶಿಕ್ಷಕಿಯನ್ನಲ್ಲ. ಹೆಂಗಸರ ಕೂದಲು ಸಿಂಗರಿಸುವ, ಬಟ್ಟೆ ಹೊಲಿಯುವ ಬರ್ನೀಸ್ ರಾಬಿನ್ಸನ್ ಅವರನ್ನು. ಅವರು ಮೊದಲು ಮಕ್ಕಳ ಪಠ್ಯ ತಂದು ನೋಡಿ, ಇದು ದೊಡ್ಡವರಿಗೆ ಆಗದೆಂದು ಬದಿಗಿಟ್ಟರು. ನಿಮಗೆ ಏನು ಕಲಿಯಬೇಕಿದೆ ಎಂದು ಬಂದವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ತುಂಬಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಅರ್ಜಿ ತುಂಬಬೇಕು, ಮತ ಹಾಕಬೇಕು ಎಂಬ ಉತ್ತರ ಬಂತು. ಪಾಠ ಅದರಿಂದಲೇ ತಯಾರಾಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಗೋಡೆಗೆ ಅಂಟಿಸಿ, ತರಗತಿ ಮುಗಿಯುವುದರೊಳಗೆ ಇದನ್ನು ನೀವು ಓದಬೇಕು ಎಂದರು. ಕಲಿತವರು ಮತದಾರರ ಪಟ್ಟಿ ಸೇರತೊಡಗಿದರು. ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. ಮನಿಯಾರ್ಡರ್ ಫಾರ್ಮೂ ಮತದಾರರ ನೋಂದಣಿಯ ಅರ್ಜಿಯೂ ಅಲ್ಲಿ ಒಂದೇ ಮೇಜಿನ ಮೇಲಿದ್ದವು. ಒಂದು ಸುಲಭ, ಇನ್ನೊಂದು ಮುಂದುವರಿದವರಿಗೆ ಎಂದು ಅಲ್ಲಿ ಯಾರೂ ಬೇರ್ಪಡಿಸಲಿಲ್ಲ.

ಅಂಥ ಶಾಲೆಗಳು ಸರ್ಕಾರದ ದುಡ್ಡಿನಿಂದ ನಡೆದವಲ್ಲ, ಆದ್ದರಿಂದ ಮಾದರಿಯಾಗಲಾರವು ಎಂಬ ಆಕ್ಷೇಪವೂ ಇದೆ. ಅದರಲ್ಲಿ ಅರ್ಧ ನಿಜವಿದೆ, ಆ ಅರ್ಧವೇ ನನ್ನ ಚಿಂತೆ. ಅಮೆರಿಕದಲ್ಲಿ ವಯಸ್ಕರ ಇಂಗ್ಲಿಷ್ ತರಗತಿಗಳಿಗೆ ಕೇಂದ್ರದ ಹಣ ಬರುವುದು ಈಗ 2014ರ ಉದ್ಯೋಗ ಕಾಯ್ದೆಯಡಿ. ಒಂದು ತರಗತಿ ಚೆನ್ನಾಗಿ ನಡೆಯಿತೇ ಎಂದು ಅಳೆಯಲು ಆ ಕಾಯ್ದೆ ನೋಡುವುದು ಕಲಿಕೆಯ ಮಟ್ಟ ಏರಿತೇ, ಪ್ರಮಾಣಪತ್ರ ಸಿಕ್ಕಿತೇ, ತರಗತಿ ಬಿಟ್ಟ ನಂತರದ ಎರಡನೆಯ ಮತ್ತು ನಾಲ್ಕನೆಯ ತ್ರೈಮಾಸಿಕದಲ್ಲಿ ಕಲಿತವರು ಕೆಲಸದಲ್ಲಿದ್ದರೇ, ಅವರ ಗಳಿಕೆ ಎಷ್ಟು, ಮಾಲೀಕರಿಗೆ ಅನುಕೂಲವಾಯಿತೇ ಎಂಬುದನ್ನು. ಆ ಹೊತ್ತಿಗೆ ಎಷ್ಟು ಜನ ಮನೆ ಮಾಲೀಕನಿಗೆ ನಲ್ಲಿ ರಿಪೇರಿಯ ಪತ್ರ ಬರೆದರು, ಮಗುವಿನ ಶಾಲೆಯ ಸಭೆಯಲ್ಲಿ ಎದ್ದು ಮಾತಾಡಿದರು, ಬಟವಾಡೆಯಲ್ಲಿ ಕಡಿಮೆ ಬಂದದ್ದನ್ನು ಕೇಳಿ ಪಡೆದರು ಎಂದು ಬರೆಯಲು ಆ ಕಾಯ್ದೆ ಕೇಳುವ ವರದಿಯಲ್ಲಿ ಅಂಕಣವಿಲ್ಲ.