ಮುಂಬಯಿಯಿಂದ ಸೈಕಲ್ಲಿನಲ್ಲಿ ಹೊರಟವರು

ಚಳಿಗಾಲದಲ್ಲಿ ಗೋವಾ, ಗೋಕರ್ಣದ ಕಡಲತೀರಗಳಲ್ಲಿ ಯುರೋಪಿನ ನಂಬರ್ ಪ್ಲೇಟಿನ ವ್ಯಾನುಗಳನ್ನು ನೀವು ನೋಡಿರಬಹುದು. ಟರ್ಕಿ, ಇರಾನ್, ಪಾಕಿಸ್ತಾನ ದಾಟಿ ರಸ್ತೆಯಲ್ಲೇ ಬಂದವರು. ತಿಂಗಳುಗಟ್ಟಲೆ ಗಾಡಿ ಓಡಿಸಿ, ಕ್ರಿಸ್‌ಮಸ್ ರಜೆಗೆ ಸಮುದ್ರದ ಪಕ್ಕ ಬೀಡುಬಿಟ್ಟು, ಅಲೆ ಸಿಕ್ಕರೆ ಹಲಗೆ ಹಿಡಿದು ಸರ್ಫಿಂಗಿಗೆ ಇಳಿಯುತ್ತಿದ್ದರು. ನಮ್ಮ ಮೂಲ್ಕಿಯಲ್ಲೂ ಈಗ ಸರ್ಫಿಂಗ್ ಕಲಿಸುವವರಿದ್ದಾರೆ. ಈ ದಾರಿಯೆಂದರೆ ಅರುವತ್ತು, ಎಪ್ಪತ್ತರ ದಶಕದ ಹಿಪ್ಪಿಗಳು ತೆರೆದದ್ದು ಎಂದೇ ಹೆಚ್ಚಿನವರ ನಂಬಿಕೆ. ಆದರೆ ಅವರಿಗಿಂತ ನಾಲ್ಕು ದಶಕ ಮೊದಲೇ ಮುಂಬಯಿಯ ಹುಡುಗರು ಇದನ್ನು ಇತ್ತಲಿಂದ ಅತ್ತ ತುಳಿದಿದ್ದರು. ತುಳಿದಿದ್ದರು ಅನ್ನುವುದು ಅಕ್ಷರಶಃ ನಿಜ, ಅವರು ಹೋದದ್ದು ಸೈಕಲ್ಲಿನಲ್ಲಿ.

1920ರಲ್ಲಿ ಓವಲ್ ಮೈದಾನದಲ್ಲಿ ಒಂದು ಭಾಷಣ ನಡೆಯಿತು. ಮಾತಾಡಿದವನು ಯುರೋಪಿನಿಂದ ಭಾರತಕ್ಕೆ ನಡೆದೇ ಬಂದಿದ್ದ ಫ್ರೆಂಚ್ ಮನುಷ್ಯ. ಕೇಳಿದ ಕೆಲವರಿಗೆ ಹುಚ್ಚು ಹಿಡಿಯಿತು. ಮೂರು ವರ್ಷದ ನಂತರ, 1923ರ ಅಕ್ಟೋಬರ್ 15ರಂದು, ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಜನ ಪಾರ್ಸಿ ತರುಣರು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗರಾ, ಗುಸ್ತಾದ್ ಹಾಥಿರಾಮ್, ಕೇಕಿ ಪೋಚ್‌ಖಾನಾವಾಲಾ, ನರಿಮಾನ್ ಕಪಾಡಿಯಾ. ಎಲ್ಲರೂ ಇಪ್ಪತ್ತರ ಹರೆಯದವರು. ಕೈಯಲ್ಲಿ ಅಟ್ಲಾಸಿನಿಂದ ನಕಲು ಮಾಡಿಕೊಂಡ ನಕ್ಷೆಗಳು, ಒಂದು ದಿಕ್ಸೂಚಿ, ಔಷಧಿ ಪೆಟ್ಟಿಗೆ.

ಪಂಜಾಬ್, ಬಲೂಚಿಸ್ತಾನ ದಾಟಿ ಇರಾನಿಗೆ ಬಂದರು. ಟೆಹರಾನಿನಲ್ಲಿ ಕಪಾಡಿಯಾ ಸ್ವಂತ ಕಾರಣಕ್ಕೆ ಹಿಂತಿರುಗಿದ. ಉಳಿದ ಐವರು ಬಾಗ್ದಾದಿನಿಂದ ಸಿರಿಯಾದ ಅಲೆಪ್ಪೊಗೆ ಮರುಭೂಮಿಯಲ್ಲಿ 956 ಕಿಲೋಮೀಟರನ್ನು 23 ದಿನಗಳಲ್ಲಿ ಮುಗಿಸಿದರು. ಬಿಸಿಲು 57 ಡಿಗ್ರಿ ದಾಟಿತ್ತು, ಜೊತೆಗೆ ಮರಳಿನ ಬಿರುಗಾಳಿ. ಮರಳಿನ ಮೇಲೆ ಸೈಕಲ್ ಓಡುವುದಿಲ್ಲ, ಅದನ್ನು ನೂಕಬೇಕು, ಕೆಲವೊಮ್ಮೆ ಹೊರಬೇಕು. ರಜೆಯ ಪ್ರವಾಸ ಎಂಬ ಮಾತನ್ನು ಇದಕ್ಕೆ ಹಚ್ಚಲು ನನಗೆ ಮನಸ್ಸಾಗುವುದಿಲ್ಲ.

ಅವರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾಗಿದ್ದರು ಎಂಬುದನ್ನು ಮರೆಯಬಾರದು. ಬಾಗ್ದಾದ್ ಆಗ ಬ್ರಿಟಿಷರ ಉಸ್ತುವಾರಿಯಲ್ಲಿತ್ತು, ಅಲೆಪ್ಪೊ ಫ್ರೆಂಚರ ಉಸ್ತುವಾರಿಯಲ್ಲಿ. ಮುಂಬಯಿಯಿಂದ ಬಲೂಚಿಸ್ತಾನದ ಅಂಚಿನವರೆಗೆ ಗಡಿ ಎಂಬುದೇ ಇರಲಿಲ್ಲ. ಗಾಂಧಿಯನ್ನು ಯೆರವಡಾ ಜೈಲಿನಲ್ಲಿಟ್ಟಿದ್ದ ಅದೇ ಸರ್ಕಾರದ ನೆರಳಿನಲ್ಲಿ ಇವರಿಗೆ ಅಷ್ಟು ದೂರ ದಾರಿ ಸಲೀಸಾಗಿ ತೆರೆದಿತ್ತು. ಇದು ಇತಿಹಾಸದ ಕುಹಕವೇ ಸರಿ.

ಇಟಲಿ, ಆಲ್ಪ್ಸ್, ಬ್ರಿಟನ್, ಆಮೇಲೆ ಹಡಗಿನಲ್ಲಿ ಅಮೆರಿಕ. ಅಲ್ಲಿನ ಲೆಕ್ಕ ಬೇರೆ. 1923ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು, 1924ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿತ್ತು. ಅಂಥ ದೇಶದಲ್ಲಿ ಹಾಥಿರಾಮ್ ಉಳಿದುಬಿಟ್ಟ. ಬೇಸತ್ತ ಪೋಚ್‌ಖಾನಾವಾಲಾ ಊರಿಗೆ ಮರಳಿದ. ಉಳಿದ ಮೂವರು ಐದು ತಿಂಗಳಲ್ಲಿ ಸುಮಾರು 8,400 ಕಿಲೋಮೀಟರ್ ತುಳಿದು ಪಶ್ಚಿಮ ಕರಾವಳಿ ಮುಟ್ಟಿದರು. ಆ ಕರಾವಳಿಯಲ್ಲಿ ಹವಾಯಿಯ ಜಾರ್ಜ್ ಫ್ರೀತ್ 1907ರಲ್ಲೇ ಅಲೆಗಳ ಮೇಲೆ ನಿಂತು ತೋರಿಸಿ ಜನರನ್ನು ಬೆರಗುಗೊಳಿಸಿದ್ದ. ಕ್ಯಾಲಿಫೋರ್ನಿಯಾದವರಿಗೆ ಸಮುದ್ರ ಆಗಲೇ ಆಟದ ಬಯಲು. ಮುಂಬಯಿಯ ಮೂವರಿಗಾದರೋ ರಸ್ತೆ ಮುಗಿಯುವ ಜಾಗ. ಮತ್ತೆ ಹಡಗು ಹತ್ತಿ ಜಪಾನಿಗೆ ಹೋದರು. ಕೊರಿಯಾ, ಚೀನಾ, ವಿಯೆಟ್ನಾಂ, ಕಾಂಬೋಡಿಯಾ, ಸಯಾಂ, ಬರ್ಮಾ, ಅಸ್ಸಾಂ ಮಾರ್ಗವಾಗಿ 1928ರ ಮಾರ್ಚ್ 18ರಂದು ಹಕೀಮ್, ಬಾಪಾಸೋಲಾ, ಭುಮ್ಗರಾ ಮುಂಬಯಿಗೆ ಮರಳಿದರು. ನಾಲ್ಕು ವರ್ಷ ಐದು ತಿಂಗಳು, ಸುಮಾರು 71,000 ಕಿಲೋಮೀಟರ್. ಅವರು ಬರೆದ ಪುಸ್ತಕಕ್ಕೆ ಮುನ್ನುಡಿ ಕೊಟ್ಟವರು ಜವಾಹರಲಾಲ್ ನೆಹರು.

ಇವರ ಬೆನ್ನಿಗೇ, 1924ರ ಜನವರಿಯಲ್ಲಿ, ಫ್ರಾಮ್‌ರೋಜ್ ದಾವರ್ ಎಂಬ ಕ್ರೀಡಾ ಪತ್ರಕರ್ತ ಒಬ್ಬನೇ ಹೊರಟಿದ್ದ. ವಿಯೆನ್ನಾದಲ್ಲಿ ಗುಸ್ತಾವ್ ಸ್ತಾವ್ಯಾನಿಕ್ ಜೊತೆಯಾದ. ಇಬ್ಬರೂ ಸಹಾರಾ ದಾಟಿದರು, ಅಮೆಜಾನ್ ಕಾಡು ಹೊಕ್ಕರು. ಏಳು ವರ್ಷ ತಿರುಗಿ 1931ರಲ್ಲಿ ದಾವರ್ ಮನೆ ಸೇರಿದ. ನನ್ನ ಮಟ್ಟಿಗೆ ಎಲ್ಲರಿಗಿಂತ ದೊಡ್ಡ ಸವಾರಿ ಇದು. 1933ರಲ್ಲಿ ಹೊರಟ ಕೇಕಿ ಖರಾಸ್, ರುಸ್ತಮ್ ಗಾಂಧಿ, ರತನ್ ಶ್ರಾಫ್ ವಾಪಸಾದದ್ದು 1942ರಲ್ಲಿ, ಲೋಕವೆಲ್ಲ ಯುದ್ಧದಲ್ಲಿದ್ದಾಗ.

ಆಮೇಲೆ ದಾರಿಯೇ ಕುಗ್ಗಿತು. 1947ರಲ್ಲಿ ಪಂಜಾಬಿನ ನಡುವೆ ಗೆರೆ ಬಿತ್ತು. ಅದಾಗಿಯೂ 1957ರಲ್ಲಿ ಲಂಡನ್ನಿನಿಂದ ಕಲ್ಕತ್ತಾಕ್ಕೆ ಬಸ್ಸು ಬಂತು, ಅದರ ಹಿಂದೆ ಹಿಪ್ಪಿಗಳೂ ಬಂದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ಡಿಸೆಂಬರಿನಲ್ಲಿ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ದಾರಿ ಪೂರ್ತಿ ಸಾಯಲಿಲ್ಲವಾದರೂ ವಿದೇಶಿ ಪಾಸ್‌ಪೋರ್ಟಿನವರಿಗೆ ಮಾತ್ರ ಉಳಿಯಿತು ಅನ್ನಬಹುದು. ಯುರೋಪಿನವನು ವ್ಯಾನಿನಲ್ಲಿ ಲಾಹೋರ್ ದಾಟಿ ಗೋಕರ್ಣಕ್ಕೆ ಬರುತ್ತಿದ್ದ ವರ್ಷಗಳಲ್ಲೂ ದಾದರಿನ ಹುಡುಗನೊಬ್ಬ ಸೈಕಲ್ ಹತ್ತಿ ಲಾಹೋರಿಗೆ ಹೋಗುವುದು ಹೆಚ್ಚುಕಮ್ಮಿ ಆಗದ ಮಾತಾಗಿತ್ತು. 2025ರ ಏಪ್ರಿಲಿನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಅಟ್ಟಾರಿಯ ಚೆಕ್‌ಪೋಸ್ಟನ್ನೂ ಮುಚ್ಚಲಾಯಿತು. ಈಗ ಲಂಡನ್ನಿಗೆ ಸೈಕಲ್ ತುಳಿಯಬೇಕೆಂಬ ಮುಂಬಯಿಯವರು ಸೈಕಲ್ ಬಿಚ್ಚಿ ಡಬ್ಬಕ್ಕೆ ಹಾಕಿ, ಮೊದಲು ವಿಮಾನ ಹತ್ತಬೇಕು.