ಒಲೆಗೆ ಕಾಲು ನೀಡಿದ ಮೋಹಿನಿ: ವಿಠಲಾಚಾರ್ಯರ ಮಾಯಾಚಿತ್ರಗಳ ಕಥನಕ್ರಮ

ತರ್ಕಕ್ಕೆ ಒಗ್ಗದ ಘಟನೆಯೊಂದನ್ನು ಯಾರಾದರೂ ವಿವರಿಸಿದರೆ ‘ಇದೇನು ವಿಠಲಾಚಾರ್ಯರ ಸಿನಿಮಾವೇ’ ಎಂದು ಕೇಳುವ ರೂಢಿ ಬೆಂಗಳೂರಿನ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಮೇಲ್ನೋಟಕ್ಕೆ ಇದು ತಮಾಷೆಯ ಮಾತು. ಆದರೆ ಇದರ ಒಳಗೊಂದು ತೀರ್ಪು ಅಡಗಿದೆ. ಬಿ. ವಿಠಲಾಚಾರ್ಯರ ಚಿತ್ರಗಳಲ್ಲಿ ಕಣ್ಣಿಗೆ ಹಬ್ಬವಿದೆ, ಕಥೆ ಮಾತ್ರ ಇಲ್ಲ ಎಂಬುದೇ ಆ ತೀರ್ಪು. ಮಾಟಗಾರ, ಅಸ್ಥಿಪಂಜರ, ಹಾರುವ ಮಂಚ, ಶಾಪದಿಂದ ಪ್ರಾಣಿಯಾಗುವ ರಾಜಕುಮಾರ ಇವೆಲ್ಲ ಕ್ಯಾಮೆರಾದ ಚಮತ್ಕಾರ ತೋರಿಸಲು ಪೋಣಿಸಿದ ನೆಪಗಳು ಎಂದು ಚಿತ್ರವಿಮರ್ಶೆಯೂ ಬಹುಮಟ್ಟಿಗೆ ನಂಬಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ತೀರ್ಪನ್ನು ಮರುಪರಿಶೀಲಿಸುವ ಅಗತ್ಯವಿದೆ. ಏಕೆಂದರೆ ಇಲ್ಲಿ ಅಲ್ಲಗಳೆಯಲ್ಪಟ್ಟಿರುವುದು ಒಬ್ಬ ನಿರ್ದೇಶಕನ ಕೌಶಲ ಮಾತ್ರವಲ್ಲ; ಆತ ಯಾರಿಂದ ಕಥೆ ಹೇಳುವುದನ್ನು ಕಲಿತನೋ ಅವರ ವಿವೇಕವೂ ಅದರೊಡನೆ ಅಲ್ಲಗಳೆಯಲ್ಪಟ್ಟಿದೆ.

ವಿಠಲಾಚಾರ್ಯರು 1920ರಲ್ಲಿ ಉಡುಪಿ ಸಮೀಪದ ಉದ್ಯಾವರದಲ್ಲಿ ಜನಿಸಿದರು. ಅರಸೀಕೆರೆಯಲ್ಲಿ ಹೋಟೆಲು ನಡೆಸಿದರು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು, ಹಾಸನ ಸೀಮೆಯಲ್ಲಿ ಟೂರಿಂಗ್ ಟಾಕೀಸು ನಡೆಸಿದರು. ಡೇರೆಯೊಳಗೆ ನೆಲದ ಮೇಲೆ ಕುಳಿತ ಪ್ರೇಕ್ಷಕ ಯಾವಾಗ ಬೀಡಿ ಹಚ್ಚುತ್ತಾನೆ, ಯಾವಾಗ ಉಸಿರು ಬಿಗಿಹಿಡಿಯುತ್ತಾನೆ ಎಂಬ ಅರಿವು ಚಿತ್ರ ತಯಾರಿಸುವ ಮೊದಲೇ ದೊರೆಯುವ ಕಸುಬು ಅದು. ಡಿ. ಶಂಕರ್‌ಸಿಂಗ್ ಅವರೊಡನೆ ಮೈಸೂರಿನ ಮಹಾತ್ಮಾ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೊಬ್ಬರು. ಆ ಸಂಸ್ಥೆಯಿಂದ ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಮುಂತಾದ ಕನ್ನಡ ಚಿತ್ರಗಳು ಬಂದವು. ಶಂಕರ್‌ಸಿಂಗ್ ನಿರ್ದೇಶನದ, ಹರಿಣಿ ಮತ್ತು ಪ್ರತಿಮಾದೇವಿ ಅಭಿನಯಿಸಿದ ‘ಜಗನ್ಮೋಹಿನಿ’ ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಚಿತ್ರೋದ್ಯಮದ ಇತಿಹಾಸ ಗುರುತಿಸುತ್ತದೆ. ತೆಲುಗಿನಲ್ಲಿ ಕೆ.ವಿ. ರೆಡ್ಡಿಯವರ ‘ಪಾತಾಳಭೈರವಿ’ ತೆರೆಕಂಡದ್ದೂ ಅದೇ ವರ್ಷ. ಮುಂದೆ ಸ್ವಂತ ಸಂಸ್ಥೆ ಸ್ಥಾಪಿಸಿ ಮದರಾಸಿಗೆ ನೆಲೆ ಬದಲಿಸಿದ ವಿಠಲಾಚಾರ್ಯರು ಹೆಚ್ಚಾಗಿ ತೆಲುಗಿನಲ್ಲಿಯೇ ದುಡಿದರು. 1963ರಲ್ಲಿ ‘ವೀರಕೇಸರಿ’ಯಂತಹ ಕನ್ನಡ ಚಿತ್ರವನ್ನೂ ಮಾಡಿದರು. 1999ರಲ್ಲಿ ನಿಧನರಾಗುವ ವೇಳೆಗೆ ತೆಲುಗು ಜನ ಅವರಿಗೆ ‘ಜಾನಪದ ಬ್ರಹ್ಮ’ ಎಂಬ ಬಿರುದನ್ನು ಕೊಟ್ಟಾಗಿತ್ತು.

ಈ ಬಿರುದಿನ ಮೊದಲ ಪದ ಗಮನಿಸತಕ್ಕದ್ದು. ಕನ್ನಡ ವಿಶ್ವವಿದ್ಯಾಲಯಗಳಲ್ಲಿ ‘ಜಾನಪದ’ ಎಂದರೆ ಸಂಗ್ರಹಿಸಿ, ವರ್ಗೀಕರಿಸಿ, ಪಾಠಾಂತರಗಳೊಡನೆ ಮುದ್ರಿಸಬೇಕಾದ ಸಾಮಗ್ರಿ. ತೆಲುಗು ಚಿತ್ರರಂಗದಲ್ಲಿ ‘ಜಾನಪದ ಚಿತ್ರ’ ಎಂದರೆ ರಾಜಕುಮಾರ, ಮಾಂತ್ರಿಕ, ಏಳು ಸಮುದ್ರದಾಚೆಯ ಗಿಳಿಯಲ್ಲಿಟ್ಟ ಪ್ರಾಣ. ವಿದ್ವಾಂಸರು ಈ ಎರಡನೆಯ ಅರ್ಥವನ್ನು ಅಪಭ್ರಂಶವೆಂದು ಬದಿಗಿಟ್ಟರು. ಹಳ್ಳಿಯ ಅಜ್ಜಿಯ ಬಾಯಲ್ಲಿ ಆಶಯವೆಂದು ಗೌರವಿಸಿದ್ದನ್ನೇ ಪರದೆಯ ಮೇಲೆ ಅಗ್ಗದ ಚಮತ್ಕಾರವೆಂದು ತಳ್ಳಿಹಾಕಿದ್ದರಲ್ಲಿರುವ ಅಸಂಗತಿ ಅಂದು ಹೆಚ್ಚು ಮಂದಿಗೆ ಹೊಳೆಯಲಿಲ್ಲ.

ಈ ಚಿತ್ರಗಳ ಮೇಲಿನ ಮುಖ್ಯ ದೂರು ಕಥೆಯ ಬಿಗಿಯಿಲ್ಲ ಎಂಬುದು: ಒಂದು ಸಾಹಸ ಮುಗಿಯುತ್ತಲೇ ಸಂಬಂಧವಿಲ್ಲದ ಇನ್ನೊಂದು ಆರಂಭವಾಗುತ್ತದೆ, ನಾಯಕ ಕಾಡಿನಿಂದ ಪಾತಾಳಕ್ಕೆ, ಪಾತಾಳದಿಂದ ಅರಮನೆಗೆ ಅಲೆಯುತ್ತಾನೆ. ಈ ದೂರಿನ ಹಿಂದೆ ನಾಟಕ, ಕಾದಂಬರಿಗಳಿಂದ ಬಂದ ಒಂದು ನಿರೀಕ್ಷೆಯಿದೆ. ಆರಂಭದಲ್ಲಿ ಬಿತ್ತಿದ್ದು ಅಂತ್ಯದಲ್ಲಿ ಫಲಿಸಬೇಕು, ನಡುವಿನದೆಲ್ಲ ಅದಕ್ಕೆ ಅಧೀನವಾಗಿರಬೇಕು. ಕನ್ನಡದ ಮೌಖಿಕ ಮಹಾಕಾವ್ಯಗಳು ಈ ನಿಯಮವನ್ನು ಒಪ್ಪಿಕೊಂಡವುಗಳಲ್ಲ. ಮಲೆಯ ಮಾದೇಶ್ವರ ಕಾವ್ಯವನ್ನು ಕಂಸಾಳೆಯವರು ‘ಸಾಲು’ಗಳಾಗಿ ಹಾಡುತ್ತಾರೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಇವು ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಹರಕೆ ಹೊತ್ತವರು ಕೇಳಿದ ಸಾಲನ್ನು ಹಾಡಿ ಮುಗಿಸಿದರೆ ಕಥೆ ಅರ್ಧಕ್ಕೆ ನಿಂತಿತೆಂದು ಯಾರೂ ಎದ್ದು ದೂರುವುದಿಲ್ಲ. ಸಾಲುಗಳನ್ನು ಕಟ್ಟಿಹಾಕಿರುವುದು ಘಟನೆಗಳ ಕಾರ್ಯಕಾರಣ ಸಂಬಂಧವಲ್ಲ, ಮಾದೇಶ್ವರನ ಮಹಿಮೆ ಮತ್ತು ಭಕ್ತರ ಸಂಕಟ. ವಿಠಲಾಚಾರ್ಯರ ಚಿತ್ರದ ಒಂದೊಂದು ಸಾಹಸವೂ ಹೀಗೆ ಒಂದೊಂದು ಸಾಲು. ಅವರು 1962ರಲ್ಲಿ ತೆರೆಗೆ ತಂದ ‘ಮದನಕಾಮರಾಜು ಕಥ’ಯ ಹೆಸರೇ ಕಥೆಯೊಳಗೆ ಕಥೆ ಹೆಣೆಯುವ ಹಳೆಯ ಮಾಲೆಯನ್ನು ನೆನಪಿಗೆ ತರುತ್ತದೆ. ದುರ್ಗಸಿಂಹನ ‘ಪಂಚತಂತ್ರ’ವನ್ನು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಗೌರವದಿಂದ ಕಾಣುವವರು ಅದೇ ಬಗೆಯ ಹೆಣಿಗೆಯನ್ನು ಚಿತ್ರದಲ್ಲಿ ಶಿಥಿಲವೆನ್ನುವುದಾದರೆ ಕಾರಣ ಕೊಡಬೇಕಾಗುತ್ತದೆ.

ರೂಪಾಂತರಗಳಿಗೆ ಕಾರಣವಿಲ್ಲ, ಮನುಷ್ಯ ಯಾವಾಗ ಬೇಕಾದರೂ ಏನಾದರೂ ಆಗಿಬಿಡುತ್ತಾನೆ ಎಂಬ ಆಕ್ಷೇಪ ಇನ್ನೂ ಗಂಭೀರವಾದುದು. ಏಕೆಂದರೆ ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಯಾವುದಕ್ಕೂ ಬೆಲೆಯಿರುವುದಿಲ್ಲ. ಜನಪದ ಕಥೆಯ ಮಾಯೆ ಇಂತಹ ಸ್ವೇಚ್ಛೆಯದಲ್ಲ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆಯನ್ನು ನೋಡಬಹುದು. ಎರಡು ಕೊಡ ನೀರು ಬೇಕು. ಒಂದು ಆಕೆಯನ್ನು ಮರ ಮಾಡಲು, ಇನ್ನೊಂದು ಹುಡುಗಿಯಾಗಿ ಮರಳಿಸಲು. ನೀರಿಗೆ ಉಗುರು ತಾಕಬಾರದು, ಹೂ ಬಿಡಿಸುವಾಗ ಕೊಂಬೆ ಮುರಿಯಬಾರದು. ನಾದಿನಿ ಮತ್ತು ಗೆಳತಿಯರು ಈ ಕಟ್ಟಳೆ ಮೀರಿದ್ದರಿಂದಲೇ ಆಕೆ ಅರ್ಧ ದೇಹದವಳಾಗಿ ಉಳಿಯುತ್ತಾಳೆ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ಹಿಂದಿಯಲ್ಲಿ ‘ಚೆಲುವಿ’ಯಾಗಿ ಚಿತ್ರಿಸಿದರು, ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಇದೇ ಕಥೆಯ ಸಂಗೀತರೂಪಕವನ್ನು ಪ್ರಥಮ ಬಾರಿಗೆ ಪ್ರದರ್ಶಿಸಿದರು. ಅಲ್ಲಿ ಯಾರೂ ತರ್ಕದ ಪ್ರಶ್ನೆಯೆತ್ತಲಿಲ್ಲ. ವಿಠಲಾಚಾರ್ಯರ ಶಾಪ, ವಿಮೋಚನೆಗಳೂ ಇಂತಹ ಕಟ್ಟಳೆಗೆ ಒಳಪಟ್ಟವು: ಶಾಪಕ್ಕೆ ತಪ್ಪೊಂದು ಬೇಕು, ವಿಮೋಚನೆಗೆ ಷರತ್ತು ಬೇಕು, ಷರತ್ತನ್ನು ಸರಿಯಾದ ವ್ಯಕ್ತಿಯೇ ಪೂರೈಸಬೇಕು. ಎರಡಕ್ಕೂ ಇರುವ ವ್ಯತ್ಯಾಸವೆಂದರೆ ಒಂದನ್ನು ಚಿತ್ರೋತ್ಸವದಲ್ಲಿ ನೋಡಿದರು, ಇನ್ನೊಂದನ್ನು ಗಾಂಧಿ ಕ್ಲಾಸಿನಲ್ಲಿ ಕುಳಿತು ನೋಡಿದರು.

ಅವರ ಚಿತ್ರಗಳಲ್ಲಿ ಜನಮನದಲ್ಲಿ ಆಳವಾಗಿ ಉಳಿದದ್ದು 1978ರ ತೆಲುಗು ‘ಜಗನ್ಮೋಹಿನಿ’. ಮಹಾತ್ಮಾ ಪಿಕ್ಚರ್ಸ್ ಕಾಲದ ಹೆಸರನ್ನು ಅವರು ಇಪ್ಪತ್ತೇಳು ವರ್ಷಗಳ ನಂತರ ಮತ್ತೆ ಎತ್ತಿಕೊಂಡರು. ಹಿಂದಿನ ಜನ್ಮದಲ್ಲಿ ವಂಚನೆಗೊಳಗಾಗಿ ಸತ್ತ ಹೆಣ್ಣು ಮೋಹಿನಿಯಾಗಿ ಬಂದು, ವಂಚಿಸಿದವನನ್ನು ಈ ಜನ್ಮದಲ್ಲಿ ತನ್ನವನನ್ನಾಗಿಸಿಕೊಳ್ಳಲು ಹವಣಿಸುತ್ತಾಳೆ. ಅವನ ಹೆಂಡತಿ ದೇವಿಯ ಭಕ್ತೆ. ಜಯಮಾಲಿನಿ ಮೋಹಿನಿಯಾಗಿ ನಟಿಸಿದ ಈ ಚಿತ್ರದಲ್ಲಿ ಆಕೆ ತನ್ನ ಕಾಲುಗಳನ್ನೇ ಸೌದೆಯಂತೆ ಒಲೆಗೆ ನೀಡಿ ಅಡುಗೆ ಮಾಡುವ ದೃಶ್ಯವೊಂದಿದೆ. ಚಿತ್ರದ ಕಥೆ ಪೂರ್ತಿ ಮರೆತವರಿಗೂ ಈ ಒಂದು ನೋಟ ಮರೆತಿಲ್ಲ.

ಇದು ಬರಿಯ ಚಮತ್ಕಾರವೇ? ದಕ್ಷಿಣ ಭಾರತದ ದೆವ್ವದ ಕಥೆಗಳಲ್ಲಿ ಮನುಷ್ಯ ರೂಪದಲ್ಲಿ ಸಂಸಾರ ಮಾಡುವ ದೆವ್ವದ ಗುಟ್ಟು ಬಯಲಾಗುವುದು ಬಹುಮಟ್ಟಿಗೆ ಅಡುಗೆಮನೆಯಲ್ಲಿ. ಕುಳಿತಲ್ಲಿಂದಲೇ ಕೈ ಉದ್ದಕ್ಕೆ ಚಾಚಿ ದೂರದ ವಸ್ತು ತೆಗೆದುಕೊಳ್ಳುವುದು, ಪಾದ ಹಿಂದುಮುಂದಾಗಿರುವುದು, ಒಲೆಯ ಬೆಂಕಿ ಸುಡದಿರುವುದು, ಇವು ಕೇಳುಗರಿಗೆ ಗೊತ್ತಿರುವ ಗುರುತುಗಳು. ಕಥೆಯ ವಿವೇಕ ಇರುವುದು ಸ್ಥಳದ ಆಯ್ಕೆಯಲ್ಲಿ. ಹೆಂಡತಿಯ ಸ್ಥಾನವನ್ನು ಕಸಿಯಬಯಸುವವಳು ಸೌಂದರ್ಯದಲ್ಲಿ, ಹಾಡಿನಲ್ಲಿ, ಶಯನಗೃಹದಲ್ಲಿ ಗೆಲ್ಲಬಲ್ಲಳು. ಆಕೆ ಯಾರೆಂಬುದನ್ನು ಒಲೆ ಹೇಳಿಬಿಡುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ‘ಕೆರೆಗೆ ಹಾರ’ ಕಥನಗೀತೆಯ ಭಾಗೀರಥಿ ಊರಿನ ಕೆರೆಗಾಗಿ ದೇಹ ಕೊಟ್ಟಳು. ಮನೆಗಾಗಿ, ಊರಿಗಾಗಿ ಮೈ ಸವೆಸುವ ಸೊಸೆಯನ್ನು ಹಾಡಿದ ಪರಂಪರೆ ಇದು. ಮೋಹಿನಿ ಮಾಡುವುದೂ ಅದನ್ನೇ: ಗಂಡಿನ ಊಟಕ್ಕಾಗಿ ತನ್ನ ದೇಹವನ್ನು ಉರಿಸುತ್ತಾಳೆ. ಒಳ್ಳೆಯ ಸೊಸೆಯಲ್ಲಿ ತ್ಯಾಗವೆನಿಸುವುದು ಅವಳಲ್ಲಿ ಭಯಾನಕವೆನಿಸುತ್ತದೆ, ಏಕೆಂದರೆ ಅವಳಿಗೆ ನೋವಿಲ್ಲ. ನೋವಿಲ್ಲದ ಸೇವೆಯನ್ನು ಕಂಡು ಪ್ರೇಕ್ಷಕ ಹೆದರುತ್ತಾನೆ. ಸ್ತ್ರೀಯರ ದುಡಿಮೆಯ ಬಗ್ಗೆ ಇಷ್ಟನ್ನು ಒಂದು ಸಂಭಾಷಣೆಯೂ ಇಲ್ಲದೆ ಹೇಳುವ ದೃಶ್ಯವನ್ನು ಕಥನವೆನ್ನದೆ ಬೇರೇನೆನ್ನಬೇಕು? ವಂಚಿತೆಯ ದಾವೆಗೆ ಚಿತ್ರ ಪೂರ್ತಿ ನ್ಯಾಯ ಒದಗಿಸುವುದಿಲ್ಲ ಎಂಬುದೂ ನಿಜ. ಸಹಾನುಭೂತಿಯೆಲ್ಲ ಪತಿವ್ರತೆಯ ಪಾಲಿಗೆ ಹೋಗುತ್ತದೆ, ಮೋಸ ಮಾಡಿದ ಗಂಡು ದಂಡ ತೆರದೆ ಉಳಿಯುತ್ತಾನೆ. ಆದರೆ ದೂರು ಎತ್ತಿದವಳ ಬೆಂಕಿಯನ್ನು ಚಿತ್ರ ಮುಚ್ಚಿಡುವುದೂ ಇಲ್ಲ.

ಚಮತ್ಕಾರಗಳ ತಂತ್ರ ಸರಳವಾದುದು. ಕ್ಯಾಮೆರಾ ನಿಲ್ಲಿಸಿ ಪಾತ್ರವನ್ನು ಬದಲಿಸುವುದು, ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರೀಕರಿಸುವುದು, ಕಾಣದ ದಾರದಿಂದ ವಸ್ತುಗಳನ್ನು ತೇಲಿಸುವುದು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1902ರಲ್ಲಿ ಚಂದ್ರಲೋಕದ ಯಾತ್ರೆಯನ್ನು ತೋರಿಸಿದ್ದು ಇಂಥವೇ ಉಪಾಯಗಳಿಂದ. ಉದ್ಯಾವರದ ಸೀಮೆ ಯಕ್ಷಗಾನದ್ದು. ಅಲ್ಲಿ ರಾತ್ರಿಯ ಆಟದಲ್ಲಿ ಬಣ್ಣದ ವೇಷದ ರಾಕ್ಷಸ ಪ್ರವೇಶಿಸುವಾಗ ಪಂಜಿಗೆ ರಾಳ ಎರಚಿ ಭುಗಿಲೆಬ್ಬಿಸುತ್ತಾರೆ. ಬೆಂಕಿ ಎಲ್ಲಿಂದ ಬಂತೆಂಬುದು ಮಕ್ಕಳಿಗೂ ಗೊತ್ತು, ಆದರೂ ಮೈ ಜುಮ್ಮೆನ್ನುತ್ತದೆ. ದಾರ ಕಂಡರೂ ಹೆದರುವ ಪ್ರೇಕ್ಷಕನನ್ನು ಮುಗ್ಧನೆಂದು ಕನಿಕರಿಸುವವರು ಈ ಒಪ್ಪಂದವನ್ನು ಅರಿಯದವರು.

ವಿಠಲಾಚಾರ್ಯರ ಮಿತವ್ಯಯದ ಬಗ್ಗೆ ಚಿತ್ರರಂಗದಲ್ಲಿ ಪ್ರಚಲಿತವಾದ ದಂತಕಥೆಯೊಂದಿದೆ. ನಾಯಕನಟ ಸಂಭಾವನೆಗಾಗಿ ತಕರಾರು ತೆಗೆದರೆ ಇಲ್ಲವೇ ದಿನಾಂಕ ಕೊಡದಿದ್ದರೆ ಅವರು ಆ ಪಾತ್ರವನ್ನು ಶಾಪದಿಂದ ಗಿಳಿಯನ್ನಾಗಿಯೋ ಮೇಕೆಯನ್ನಾಗಿಯೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರಂತೆ. ನಡೆದದ್ದೋ ಇಲ್ಲವೋ, ಈ ಪ್ರಸಂಗ ತಾನೇ ಒಂದು ಜನಪದ ಕಥೆಯಾಗಿದೆ. ಇದರಲ್ಲಿ ಮಾಂತ್ರಿಕ ನಿರ್ಮಾಪಕನೇ. ಇದನ್ನು ಅವರ ಕಥೆಗಳ ಪೊಳ್ಳುತನಕ್ಕೆ ಸಾಕ್ಷಿಯೆಂದು ಹೇಳುವವರುಂಟು. ವಾಸ್ತವದಲ್ಲಿ ಇದು ತೋರಿಸುವುದು ಕಥೆಯ ಗಟ್ಟಿತನವನ್ನು. ಸಾಮಾಜಿಕ ಚಿತ್ರದಲ್ಲಿ ನಾಯಕ ಬಾರದಿದ್ದರೆ ಕಥೆ ನಿಲ್ಲುತ್ತದೆ. ಇಲ್ಲಿ ಅವನ ಗೈರುಹಾಜರಿಯನ್ನೂ ಕಥೆ ಅರಗಿಸಿಕೊಳ್ಳುತ್ತದೆ. ಹಿಮ್ಮೇಳದವನು ಬಾರದ ರಾತ್ರಿ ಹಾಡುಗಾರ ಸಾಲನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಇದೇ ಬಗೆಯ ಕಸುಬುದಾರಿಕೆ.

ಎಲ್ಲವನ್ನೂ ಸಮರ್ಥಿಸಬೇಕಾಗಿಲ್ಲ. ನಡುನಡುವೆ ತುರುಕಿದ ಹಾಸ್ಯ ಇಂದು ಸಹನೆ ಪರೀಕ್ಷಿಸುತ್ತದೆ. ಕ್ಲಬ್ ನೃತ್ಯದ ಮಾದರಿಯ ಹಾಡುಗಳು ಕಥೆಗೆ ಸೇರಿದವಲ್ಲ, ಮಾರುಕಟ್ಟೆಗೆ ಸೇರಿದವು. 2009ರಲ್ಲಿ ‘ಜಗನ್ಮೋಹಿನಿ’ ತಮಿಳಿನಲ್ಲಿ ಮತ್ತೆ ತಯಾರಾದಾಗ ಕಂಪ್ಯೂಟರ್ ಗ್ರಾಫಿಕ್ಸ್ ನೆರವಿತ್ತು. ಮೊದಲ ಚಿತ್ರದ ಒಲೆಯಂತೆ ಜನರ ಮಾತಿನಲ್ಲಿ ನೆಲೆ ನಿಂತ ನೋಟ ಅದರಿಂದ ಹುಟ್ಟಲಿಲ್ಲ.

ಈ ಚಿತ್ರಗಳ ಪ್ರೇಕ್ಷಕವರ್ಗ ಯಾವುದೆಂಬುದನ್ನು ಪಶ್ಚಿಮ ಬೆಂಗಳೂರಿನಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. 1949ರಲ್ಲಿ ಶಂಕುಸ್ಥಾಪನೆಯಾದ ರಾಜಾಜಿನಗರ ಕೈಗಾರಿಕಾ ಬಡಾವಣೆಯಾಗಿ ಬೆಳೆಯಿತು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳ ಪಾಳಿಗೆ, ಸಣ್ಣ ಕಾರ್ಖಾನೆಗಳ ಲೇತು ಯಂತ್ರಗಳಿಗೆ ಮಾಗಡಿ, ಕುಣಿಗಲ್, ನೆಲಮಂಗಲ, ರಾಮನಗರದ ಕಡೆಯಿಂದ ಬಂದವರು ಇಲ್ಲಿ, ವಿಜಯನಗರದಲ್ಲಿ, ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ನೆಲೆಸಿದರು. ಊರಿನ ಜಗಲಿಯನ್ನು, ಕಥೆ ಹೇಳುವ ಅಜ್ಜಿಯನ್ನು ವಠಾರದ ಒಂದು ಕೋಣೆಗೆ ಹೊತ್ತು ತರಲು ಅವರಿಗೆ ಸಾಧ್ಯವಿರಲಿಲ್ಲ. ನವರಂಗ್, ಪ್ರಸನ್ನ, ವೀರೇಶ್ ಚಿತ್ರಮಂದಿರಗಳು, ಗಣೇಶೋತ್ಸವದಲ್ಲಿ ಬೀದಿಗೆ ಅಡ್ಡಲಾಗಿ ಕಟ್ಟಿದ ಬಿಳಿಯ ಪರದೆ ಇವು ಆ ಜಗಲಿಯ ಸ್ಥಾನವನ್ನು ತುಂಬಿದವು. ಭಾಷೆ ತೆಲುಗಾದರೂ ಕಥೆ ಪರಿಚಿತವಾಗಿತ್ತು. ಮೆಜೆಸ್ಟಿಕ್ಕಿನ ಅಣ್ಣಮ್ಮನನ್ನು ತಮ್ಮ ಬಡಾವಣೆಗೆ ಬರಮಾಡಿಕೊಂಡು ಚಪ್ಪರದಲ್ಲಿ ಕೂರಿಸಿ ಆರತಿ ಎತ್ತುವ ಹೆಂಗಸರಿಗೆ, ಪರದೆಯ ಮೇಲಿನ ಹೆಂಡತಿ ತನ್ನ ಸಂಸಾರ ಉಳಿಸಿಕೊಡೆಂದು ದೇವಿಯ ಎದುರು ನಿಂತಾಗ ಅರ್ಥ ಹೇಳುವವರು ಬೇಕಿರಲಿಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಹೆಣ್ಣುದೆವ್ವವೊಂದು ರಾತ್ರಿ ಮನೆಯವರ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದೆಂಬ ಸುದ್ದಿ ಹಬ್ಬಿತು. ಕದಗಳ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಮುಂದೆ 2018ರ ಹಿಂದಿ ಚಿತ್ರ ‘ಸ್ತ್ರೀ’ ಈ ಎಳೆಯನ್ನೇ ಬಳಸಿಕೊಂಡಿತು. ಪತ್ರಿಕೆಗಳು ಮೌಢ್ಯವೆಂದು ಬರೆದ ಈ ಪ್ರಸಂಗದಲ್ಲಿ ದೆವ್ವ ಬಾಗಿಲು ಮುರಿಯುವುದಿಲ್ಲ, ಗೋಡೆಯಿಂದ ತೂರಿ ಬರುವುದಿಲ್ಲ. ಬರೆದದ್ದನ್ನು ಓದುತ್ತದೆ, ಮಾತಿಗೆ ಕಟ್ಟುಬಿದ್ದು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಮಾಯೆಗೂ ಕಟ್ಟಳೆಯುಂಟೆಂಬುದನ್ನು ಆ ಕದಗಳ ಒಳಗಿದ್ದವರು ಅಜ್ಜಿಯಿಂದಲೂ ಕೇಳಿದ್ದರು, ಪರದೆಯ ಮೇಲೂ ನೋಡಿದ್ದರು.